ಪರದೆಯ ಪಾಠ ಮತ್ತು ಮನೋಸ್ಥೈರ್ಯ

‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಗೆ ನಾವು ಭಾಷಾ ಶಿಕ್ಷಕರು ಪ್ರತಿ ವರ್ಷವೂ ಅರ್ಥ ಬರೆಸುತ್ತೇವೆ. ಮಾರ್ಗಗಳೆಲ್ಲ ಮುಚ್ಚಿದಾಗ ಮನಸ್ಸಿನ ಗತಿಯೇನು ಎಂಬ ಪ್ರಶ್ನೆ ಎದುರಾದದ್ದು 2020ರಲ್ಲಿ.

ಆ ವರ್ಷ ಮಾರ್ಚ್ 8ರಿಂದ ಯು.ಎ.ಇ.ಯ ಶಾಲಾ ಕಾಲೇಜುಗಳು ಮುಚ್ಚಿದವು. 22ರಿಂದ ದೂರಕಲಿಕೆ ಶುರುವಾಯಿತು. 25ರಿಂದ ಭಾರತದಲ್ಲಿ ಲಾಕ್‌ಡೌನ್. ಮಂಗಳೂರು, ಮಣಿಪಾಲ, ಬೆಂಗಳೂರುಗಳಲ್ಲಿ ಪದವಿ ಓದುತ್ತಿದ್ದ ಗಲ್ಫ್ ಕನ್ನಡಿಗರ ಮಕ್ಕಳಲ್ಲಿ ಕೆಲವರು ಅಲ್ಲೇ ಉಳಿದರು, ಕೆಲವರು ಇಲ್ಲಿ ತಂದೆತಾಯಿಯರ ಬಳಿ ಇದ್ದರು. ಮದೀನತ್ ಜಾಯೆದ್‌ನಲ್ಲಿ ಕುಳಿತವರಿಗೆ ಊರಿನ ಒಂಬತ್ತು ಗಂಟೆಯ ತರಗತಿ ಬೆಳಗಿನ ಏಳೂವರೆಗೇ ಆರಂಭ.

ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ, ಮರ ಹತ್ತಿದ ವಿದ್ಯಾರ್ಥಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸಮಾಜ ಅವರ ಛಲವನ್ನು ಮೆಚ್ಚಿತು. ಆದರೆ ಫ್ಲ್ಯಾಟಿನ ಕೋಣೆಯಲ್ಲಿ ಕ್ಯಾಮೆರಾ ಆಫ್ ಮಾಡಿ ಕುಳಿತವನ ಕಷ್ಟ ಯಾರಿಗೂ ಸುದ್ದಿಯಾಗಲಿಲ್ಲ. ಅವನಿಗೆ ನೆಟ್ ಇತ್ತು, ಊಟ ಇತ್ತು. ಗೆಳೆಯರ ಹರಟೆ ಇರಲಿಲ್ಲ, ಪರೀಕ್ಷೆ ಯಾವಾಗ ಎಂಬ ಖಾತ್ರಿಯೂ ಇರಲಿಲ್ಲ.

‘ನಮ್ಮ ಹುಡುಗ ಗಟ್ಟಿ, ಏನೂ ಹೇಳುವುದಿಲ್ಲ’ ಎಂದು ಹೆಮ್ಮೆಪಡುವ ಪಾಲಕರಿದ್ದಾರೆ. ಮೌನವನ್ನೇ ಮನೋಸ್ಥೈರ್ಯವೆಂದು ತಿಳಿಯುವುದು ಅಪಾಯ. ಸ್ಥೈರ್ಯ ಹುಟ್ಟಿನಿಂದ ಬರುವ ಸೊತ್ತೇನಲ್ಲ. ಸಣ್ಣ ಸಣ್ಣ ಅಭ್ಯಾಸಗಳಿಂದ ಬೆಳೆಯುತ್ತದೆ. ನಿಗದಿತ ಹೊತ್ತಿಗೆ ಏಳುವುದು, ಹಾಸಿಗೆ ಬಿಟ್ಟು ಮೇಜಿನ ಮುಂದೆ ಓದುವುದು, ಸಂಜೆ ಹೊರಗೆ ನಡೆಯುವುದು, ‘ನನಗೆ ಅರ್ಥವಾಗಲಿಲ್ಲ’ ಎನ್ನಲು ಒಬ್ಬ ಸ್ನೇಹಿತನನ್ನಾದರೂ ಉಳಿಸಿಕೊಳ್ಳುವುದು. ಉಳಿದರ್ಧ ಮನೆಯವರ ಪಾಲು. ‘ಎಷ್ಟು ಅಂಕ ಬಂತು?’ ಎನ್ನುವ ಮೊದಲು ‘ಇವತ್ತು ಯಾರ ಜೊತೆ ಮಾತಾಡಿದೆ?’ ಎಂದು ಕೇಳೋಣ.

ಇದೆಲ್ಲ ಮುಗಿದ ಕಥೆ ಎನ್ನುವಂತಿಲ್ಲ. 2024ರ ಏಪ್ರಿಲ್‌ನ ಮಹಾಮಳೆಗೆ ಇಲ್ಲಿನ ಶಾಲೆಗಳು ಮತ್ತೆ ಆನ್‌ಲೈನ್ ಆದವು. ಭಾರತದ ಕಾಲೇಜುಗಳಲ್ಲಿ ಇಂದು ‘ಸ್ವಯಂ’ ಜಾಲತಾಣದ ಕೋರ್ಸುಗಳನ್ನು ಒಬ್ಬರೇ ಕುಳಿತು ಮುಗಿಸುವವರು ಬಹಳ.

ಹಲ್ಲುನೋವಿಗೆ ವೈದ್ಯರ ಬಳಿ ಓಡುವ ನಾವು, ವಾರಗಟ್ಟಲೆ ನಿದ್ದೆ ಬಾರದ ಮನಸ್ಸಿನ ವಿಷಯದಲ್ಲಿ ‘ಜನ ಏನಂದಾರು’ ಎಂದು ಹಿಂಜರಿಯುತ್ತೇವೆ. ಭಾರತದಲ್ಲಿ 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹನ್ನೆರಡನೆಯ ತರಗತಿ ಮುಗಿಸಿ ಊರಿನ ಕಾಲೇಜಿಗೆ ಹೊರಡುವ ಮಕ್ಕಳೇ, ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಷ್ಟವಾದಾಗ ಮನೆಗೆ ಫೋನ್ ಮಾಡಲು ನಾಚಬೇಡಿ. ಪಾಲಕರೇ, ಆ ಫೋನ್ ಬಂದಾಗ ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಬುದ್ಧಿವಾದ ಆಮೇಲಿರಲಿ.