ಕುರ್ಚಿ ಖಾಲಿ ಕಂಡರೆ ಕೋಪ ಬೇಡ



ಈ ಸಲ ಕೊಳೆರೋಗದ ಮಾತನ್ನಾಗಲಿ, ಕಾಫಿ ಧಾರಣೆಯ ಮಾತನ್ನಾಗಲಿ ಎತ್ತುವುದಿಲ್ಲ. ನಮ್ಮ ಸಂಘದ ಕಚೇರಿಯಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವ ನೌಕರರ ದೇಹಸ್ಥಿತಿಯ ಬಗ್ಗೆ ನಿಮ್ಮಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೇ ಮೊದಲು ಹೇಳುತ್ತೇನೆ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ, ಮೈಲುತುತ್ತ ಮಾರಾಟದ ಗಡಿಬಿಡಿಯಲ್ಲಿ, ನಮ್ಮ ಲೆಕ್ಕಪತ್ರ ನೋಡುವ ನೌಕರರೊಬ್ಬರಿಗೆ ಕೌಂಟರಿನಲ್ಲೇ ಎದೆನೋವು ಬಂತು. ವಯಸ್ಸು 42. ಬೀಡಿ, ಕುಡಿತ ಯಾವುದೂ ಇಲ್ಲ. ಸದಸ್ಯರೊಬ್ಬರ ಜೀಪಿನಲ್ಲಿ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ದೇವರ ದಯೆ, ಬದುಕಿದರು. ದಿನಾ ನಡೆಯಬೇಕು, ಒಂದೇ ಸಮನೆ ಕೂರಬಾರದು ಎಂದು ವೈದ್ಯರು ಹೇಳಿ ಕಳಿಸಿದರು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದವರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎದ್ದು ಗೊಬ್ಬರದ ಗೋದಾಮಿನವರೆಗೆ ಹೋಗಿಬರತೊಡಗಿದರು. ಮೂರನೆಯ ದಿನ ಸದಸ್ಯರೊಬ್ಬರು ನನ್ನ ಕೋಣೆಗೆ ಬಂದು, "ಏನು ಸೆಕ್ರೆಟ್ರಿಗಳೇ, ಸಂಬಳ ಕೊಡೋದು ತಿರುಗಾಡ್ಲಿಕ್ಕಾ? ಕುರ್ಚಿ ಖಾಲಿ ಬಿದ್ದಿದೆಯಲ್ಲ ಮಾರಾಯ್ರೆ" ಎಂದರು. ನಾನು ಅವರಿಗೆ ಸರಿಯಾದ ಉತ್ತರ ಕೊಡಲಿಲ್ಲ. ಬದಲಿಗೆ ನೌಕರರನ್ನು ಕರೆದು, ನಡೆಯುವುದನ್ನು ಮನೆಯಲ್ಲಿ ಬೆಳಿಗ್ಗೆ ಸಂಜೆ ಇಟ್ಟುಕೊಳ್ಳಿ ಎಂದೆ. "ಆಯ್ತು ಸಾರ್" ಎಂದು ಅವರು ಹೋಗಿ ಕುಳಿತರು. ಎಂಟು ದಿನ ಏಳಲೇ ಇಲ್ಲ. ಯಾವ ಕುರ್ಚಿಯಿಂದ ಅವರನ್ನು ಆಸ್ಪತ್ರೆಗೆ ಹೊತ್ತೊಯ್ದೆವೋ ಅದೇ ಕುರ್ಚಿಗೆ ಮತ್ತೆ ಕಟ್ಟಿ ಹಾಕಿದೆನಲ್ಲ ಎಂದು ಆಮೇಲೆ ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ಸಂಜೆ ನಡೆಯಿರಿ ಎನ್ನುವುದು ಪೇಟೆಯವರಿಗೆ ಹೇಳುವ ಮಾತು. ನಮ್ಮಲ್ಲಿ ಬಸ್ಸು ಹಿಡಿಯಲು ಏಳಕ್ಕೆಲ್ಲ ಮನೆ ಬಿಡಬೇಕು. ಸಂಜೆ ಬಸ್ಸಿಳಿಯುವ ಹೊತ್ತಿಗೆ ಕತ್ತಲು. ಮಳೆಗಾಲದಲ್ಲಿ ದಾರಿಯುದ್ದಕ್ಕೂ ಉಂಬಳ, ಕೆಲವು ಕಡೆ ಆನೆಯ ಭಯ ಬೇರೆ. ಹೆಣ್ಣುಮಕ್ಕಳಿಗಂತೂ ಮನೆ ಸೇರಿದೊಡನೆ ಒಲೆ ಕಾಯುತ್ತಿರುತ್ತದೆ. ನೌಕರರು ನಡೆದಾಡಬೇಕಾದರೆ ಕೆಲಸದ ವೇಳೆಯಲ್ಲಿಯೇ ಆಗಬೇಕು.

ಮೊದಲು ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಇಳಿಜಾರು ಡೆಸ್ಕಿನ ಮುಂದೆ ನೆಲಕ್ಕೆ ಕುಳಿತು ಬರೆಯುತ್ತಿದ್ದ ಗುಮಾಸ್ತರು ದಿನಕ್ಕೆ ಎಷ್ಟು ಸಲ ನೆಲದಿಂದೇಳುತ್ತಿದ್ದರೋ ಲೆಕ್ಕವಿಲ್ಲ. ಲೆಡ್ಜರು ಬೇಕಾದರೆ ಬೀರುವಿಗೆ, ದಾಸ್ತಾನು ನೋಡಬೇಕಾದರೆ ಗೋದಾಮಿಗೆ, ತೂಕ ನೋಡಬೇಕಾದರೆ ತಕ್ಕಡಿಯ ಬಳಿಗೆ ಹೋಗಲೇಬೇಕಿತ್ತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ, ಮಿಕ್ಕದ್ದು ಫೋನಿನಲ್ಲಿ. ಅನುಕೂಲ ಮಾಡಿದವರು ನಾವೇ, ಅದು ತಪ್ಪಲ್ಲ. ಆದರೆ ಅನುಕೂಲದ ಜೊತೆಗೆ ನಡಿಗೆಯೂ ಹೊರಟುಹೋಯಿತು. ನೌಕರರು ಸೋಮಾರಿಗಳಾಗಿ ಕುಳಿತಿಲ್ಲ. ಕೆಲಸವನ್ನೇ ಕೂರುವಂತೆ ಜೋಡಿಸಿದ್ದೇವೆ.

ಕುಳಿತು ಮಾಡುವ ಕೆಲಸದ ಕೇಡನ್ನು ಮೊದಲು ಲೆಕ್ಕವಿಟ್ಟು ತೋರಿಸಿದವರಲ್ಲಿ ಲಂಡನ್ನಿನ ಡಾ. ಜೆರೆಮಿ ಮಾರಿಸ್ ಪ್ರಮುಖರು. ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಅವರು ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಊರು. ಒಬ್ಬ ದಿನವಿಡೀ ಕೂರುತ್ತಾನೆ, ಇನ್ನೊಬ್ಬ ಟಿಕೆಟಿಗಾಗಿ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಚಾಲಕರಲ್ಲೇ ಹೆಚ್ಚು ಕಂಡಿತು. ಕಾಗದ ಹಂಚುವ ಅಂಚೆಯವರಿಗೂ ಕುಳಿತು ಕೆಲಸ ಮಾಡುವ ಅಂಚೆ ಗುಮಾಸ್ತರಿಗೂ ಇದೇ ವ್ಯತ್ಯಾಸ. ಈ ವರದಿ 1953ರಲ್ಲಿ ಪ್ರಕಟವಾಯಿತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೋ ಎಂಬ ಸಂಶಯಕ್ಕೆ, 1956ರಲ್ಲಿ ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನೂ ಮಾರಿಸ್ ಪರಿಶೀಲಿಸಿದರು. ಚಾಲಕರ ಸೊಂಟ ದೊಡ್ಡದೇ ಇತ್ತು. ಆದರೆ ಅದೊಂದರಿಂದ ಕಾಯಿಲೆಯ ಎಲ್ಲ ವ್ಯತ್ಯಾಸಕ್ಕೂ ಕಾರಣ ಸಿಗಲಿಲ್ಲ.

ನಮ್ಮ ದೇಶದ ಲೆಕ್ಕವನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು 2000ದಲ್ಲಿ ನೂರಕ್ಕೆ ಸುಮಾರು 22 ಮಂದಿ ಇದ್ದರೆ, 2022ಕ್ಕೆ ಸುಮಾರು 49 ಮಂದಿ. ಹೆಂಗಸರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

2025ರಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಿಗ್ಗೆಯೇ ಸಾಲು ನಿಂತದ್ದು ನಿಮಗೆ ನೆನಪಿರಬಹುದು. ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಒಂದು ದಿನ ಸಾಲಿನಲ್ಲಿ ನಿಂತು, ಉಳಿದ ದಿನವೆಲ್ಲ ಕುರ್ಚಿಯಲ್ಲಿದ್ದರೆ ಏನು ಬಂತು?

ಹಾಗೆಂದು ಯಾರೂ ಗರಡಿಮನೆಗೆ ಹೋಗಬೇಕಾಗಿಲ್ಲ. ವಯಸ್ಕರಿಗೆ ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಬಾರಿಗೆ ಹತ್ತು ನಿಮಿಷವಾದರೂ ನಡೆದರೆ ಮಾತ್ರ ಲೆಕ್ಕ ಎಂದು ಮೊದಲು ಇತ್ತು. 2020ರಲ್ಲಿ ಆ ಮಾತನ್ನು ಕೈಬಿಟ್ಟರು. ಐದು ನಿಮಿಷ ನಡೆದರೂ ಲೆಕ್ಕಕ್ಕೆ ಸೇರುತ್ತದೆ. ಊಟದ ಮೇಲೆ ಸ್ವಲ್ಪ ಅಡ್ಡಾಡಿದರೆ ಕಾಲಿನ ದೊಡ್ಡ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಕುಳಿತೇ ಇದ್ದರೆ ಆ ಕೆಲಸ ನಿಧಾನವಾಗುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಇದು ತೋಟದ ಕೂಲಿಯವರಿಗೆ ಹೇಳುವ ಉಪದೇಶವಲ್ಲ. ಮರ ಹತ್ತಿ ಕೊನೆ ಇಳಿಸುವವರಿಗೆ, ಹಣ್ಣಿನ ಚೀಲ ಹೊತ್ತು ದಿಣ್ಣೆ ಏರುವವರಿಗೆ ವ್ಯಾಯಾಮ ಮಾಡಿ ಎನ್ನುವುದು ಅಪಹಾಸ್ಯ. ಅವರಿಗೆ ಬೇಕಾದದ್ದು ಹಗುರವಾದ ಹೊರೆ ಮತ್ತು ಹೊತ್ತಿಗೆ ಸರಿಯಾದ ವಿಶ್ರಾಂತಿ. ಈ ಮಾತು ಕಚೇರಿಯವರಿಗೆ, ಮತ್ತು ತೋಟದ ತಲೆಬಾಗಿಲವರೆಗೂ ಬೈಕಿನಲ್ಲೇ ಹೋಗುವ ನನ್ನಂಥ ಬೆಳೆಗಾರರಿಗೆ.

ಆಡಳಿತ ಮಂಡಳಿಯ ಮುಂದೆ ನಾನಿಟ್ಟಿರುವ ಸಲಹೆಗಳು ಇಷ್ಟೇ. ಬೆಳಿಗ್ಗೆ 11ಕ್ಕೆ ಮತ್ತು ಮಧ್ಯಾಹ್ನ ಮೂರೂವರೆಗೆ ಪ್ರತಿಯೊಬ್ಬ ನೌಕರರಿಗೂ ಹತ್ತು ನಿಮಿಷ ನಡೆಯಲು ಬಿಡುವು ಕೊಡುವುದು. ಒಬ್ಬರು ಎದ್ದಾಗ ಪಕ್ಕದವರು ಅವರ ಕೌಂಟರು ನೋಡಿಕೊಳ್ಳುವುದು. ದಾಸ್ತಾನು ಪರಿಶೀಲನೆಯನ್ನು ಫೋನಿನಲ್ಲಿ ಮಾಡದೆ ಗೋದಾಮಿಗೆ ಹೋಗಿಯೇ ಮಾಡುವುದು; ಇದರಿಂದ ಲೆಕ್ಕವೂ ಚೊಕ್ಕವಾಗುತ್ತದೆ. ನಿಂತು ಬರೆಯುವಷ್ಟು ಎತ್ತರದ ಒಂದು ಮೇಜನ್ನು ಬಡಗಿಯಿಂದ ಮಾಡಿಸುವುದು. ಇದಕ್ಕೆ ಹಾಜರಿ ಪುಸ್ತಕ, ಸ್ಪರ್ಧೆ, ಬಹುಮಾನ ಯಾವುದೂ ಬೇಡ. ಮಂಡಿನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಅಡಿಕೆ ಸೀಜನ್ನಿನ ನೂಕುನುಗ್ಗಲಿನಲ್ಲಿ ಹತ್ತು ನಿಮಿಷ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೆಲವು ದಿನ ನೀವು ನಾಲ್ಕೈದು ನಿಮಿಷ ಹೆಚ್ಚು ಕಾಯಬೇಕಾದೀತು. ಆದರೆ ಕಳೆದ ವರ್ಷ ಆ ಒಬ್ಬರು ಎರಡು ತಿಂಗಳು ಇಲ್ಲದಾಗ ನಿಮ್ಮ ಪಟ್ಟಿಗಳು ಎಷ್ಟು ದಿನ ತಡವಾದವು ಎಂಬುದನ್ನು ನೀವೇ ನೋಡಿದ್ದೀರಿ.

ಆ ನೌಕರರು ಈಗ ಮತ್ತೆ ಗೋದಾಮಿನವರೆಗೆ ಹೋಗಿಬರುತ್ತಿದ್ದಾರೆ. ನಾನೂ ಅವರ ಜೊತೆ ಹೋಗುತ್ತೇನೆ. ಸೆಕ್ರೆಟ್ರಿಯೇ ಎದ್ದು ಹೊರಟ ಮೇಲೆ ಉಳಿದವರಿಗೂ ಧೈರ್ಯ ಬಂದಿದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ತಾವೆಲ್ಲರೂ ಸಮ್ಮತಿ ನೀಡಬೇಕಾಗಿ ಕೋರುತ್ತೇನೆ. ಅಲ್ಲಿಯವರೆಗೆ ಕಚೇರಿಗೆ ಬಂದಾಗ ಕುರ್ಚಿಯೊಂದು ಖಾಲಿ ಕಂಡರೆ ದಯವಿಟ್ಟು ಎರಡು ನಿಮಿಷ ತಡೆಯಿರಿ. ಅವರು ಬರುತ್ತಾರೆ.

— ಕಾರ್ಯದರ್ಶಿ