ತಂತಿಯ ಕಾಯಕ, ನರದ ಭಯ



ಶ್ರಾವಣದ ಒಂದು ಸೋಮವಾರ ಮಠದಲ್ಲಿ ಪ್ರಸಾದ ಮುಗಿದ ಬಳಿಕ ತಾಯಿಯೊಬ್ಬರು ನನ್ನ ಬಳಿ ಬಂದು ಕುಳಿತರು. ಅವರ ಮಗ ವಿದ್ಯುತ್ ಮಾರ್ಗದಲ್ಲಿ ದುಡಿಯುವ ಲೈನ್‌ಮನ್. ವಿವಾಹದ ಮಾತು ನಿಶ್ಚಿತಾರ್ಥದವರೆಗೆ ಬಂದು ನಿಂತುಹೋಗಿತ್ತು. "ಕರೆಂಟಿನ ಕೆಲಸದವರಿಗೆ ನಡುವಯಸ್ಸಿನಲ್ಲಿ ನರ ಬೀಳುತ್ತದಂತೆ" ಎಂದು ಹೆಣ್ಣಿನ ಕಡೆಯವರು ಹಿಂದೆಗೆದಿದ್ದರು. "ಶಾಸ್ತ್ರಿಗಳೆ, ಮಗನಿಗೆ ಈ ಕೆಲಸ ಬಿಡಿಸಲೆ?" ಎಂಬುದು ಆ ತಾಯಿಯ ಪ್ರಶ್ನೆ. ಅಂದು ಸಮಾಧಾನದ ಎರಡು ಮಾತು ಹೇಳಿ ಕಳುಹಿಸಿದೆ. ಆದರೆ ಸಮಾಧಾನವು ಉತ್ತರವಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆ ಮಾತು ಬರಿಯ ಗಾಳಿಸುದ್ದಿಯಲ್ಲ. ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ಕ್ಷೀಣಿಸುವ ಎ.ಎಲ್.ಎಸ್. ಎಂಬ ರೋಗವುಂಟು. 1869ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೊ ಇದನ್ನು ವಿವರಿಸಿದರು. 2018ರಲ್ಲಿ ನಿಧನರಾದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅರ್ಧ ಶತಮಾನಕ್ಕೂ ಮಿಕ್ಕಿ ಇದರೊಡನೆ ಬಾಳಿದರು. ಅದು ತೀರ ಅಪರೂಪದ ದೀರ್ಘಾಯುಷ್ಯ.

1998ರಲ್ಲಿ ಡೆನ್ಮಾರ್ಕ್ ದೇಶದ ಸಂಶೋಧಕರು ವಿದ್ಯುತ್ ಸಂಸ್ಥೆಗಳಲ್ಲಿ ದುಡಿದ ಸುಮಾರು 21 ಸಾವಿರ ಪುರುಷರ ಮರಣದ ದಾಖಲೆಗಳನ್ನು ಪರಿಶೀಲಿಸಿದರು. ಈ ರೋಗದಿಂದಾದ ಮರಣಗಳು ನಿರೀಕ್ಷೆಯ ಎರಡರಷ್ಟು ಕಂಡುಬಂದವು. ಅದಕ್ಕೆ ಮುನ್ನ, 1995ರಲ್ಲಿ, ಫಿನ್‌ಲೆಂಡ್ ಮತ್ತು ಅಮೆರಿಕದ ಲಾಸ್ ಏಂಜಲೀಸ್‌ನ ರೋಗಿಗಳನ್ನು ಕುರಿತ ಅಧ್ಯಯನವೊಂದು, ವಿದ್ಯುತ್ ಹೊಲಿಗೆಯಂತ್ರದ ಮುಂದೆ ದುಡಿದವರಲ್ಲಿ ಮರೆವಿನ ರೋಗವಾದ ಆಲ್‌ಝೈಮರ್ ಹೆಚ್ಚಾಗಿರಬಹುದೆಂಬ ಸಂದೇಹವನ್ನೆತ್ತಿತು. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರವೊಂದು ಏರ್ಪಡುತ್ತದೆ. ತಂತಿಗೆ ದೂರವಾದಂತೆ ಅದು ಬೇಗನೆ ಕುಗ್ಗುತ್ತದೆ. ಯಂತ್ರದ ಮೋಟಾರಿಗೆ ಒಡಲೊಡ್ಡಿ ಕುಳಿತವರಿಗೆ ಅದರ ಸ್ಪರ್ಶ ಅಧಿಕ. ಸಂದೇಹಕ್ಕೆ ಕಾರಣ ಇದೇ.

ಆದರೆ ಸಂದೇಹವು ಸಿದ್ಧಾಂತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಆವರೆಗಿನ ಅಧ್ಯಯನಗಳನ್ನು ತೂಗಿ ನೋಡಿ, ಕಾಂತಕ್ಷೇತ್ರಕ್ಕೂ ಈ ರೋಗಗಳಿಗೂ ಸಂಬಂಧವಿದೆಯೆನ್ನಲು ಸಾಕ್ಷ್ಯ ಸಾಲದೆಂದಿತು. 2013ರ ಒಂದು ಸಮಗ್ರ ಪರಿಶೀಲನೆಯಲ್ಲಿ ವಿಚಿತ್ರವೊಂದು ಹೊರಬಿತ್ತು. ಎ.ಎಲ್.ಎಸ್. ರೋಗದ ನಂಟು ವಿದ್ಯುತ್ ವೃತ್ತಿಯ ಹೆಸರಿನೊಡನೆ ಕಾಣುತ್ತದೆ, ಅಂದಾಜು ಮಾಡಿದ ಕಾಂತಕ್ಷೇತ್ರದ ಪ್ರಮಾಣದೊಡನೆ ಅಷ್ಟಾಗಿ ಕಾಣುವುದಿಲ್ಲ. ಹಾಗಾದರೆ ಕಾರಣ ಕ್ಷೇತ್ರವೋ, ಮೇಲಿಂದ ಮೇಲೆ ತಗಲುವ ಆಘಾತವೋ, ಆ ವೃತ್ತಿಯಲ್ಲಿರುವ ಮತ್ತಾವುದೋ? ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಇನ್ನು ಲೆಕ್ಕವನ್ನು ನೋಡೋಣ. ಪಾಶ್ಚಾತ್ಯ ದೇಶಗಳ ಗಣನೆಯಂತೆ ವರ್ಷವೊಂದರಲ್ಲಿ ಲಕ್ಷ ಜನರ ಪೈಕಿ ಸುಮಾರು 2 ಮಂದಿಗೆ ಎ.ಎಲ್.ಎಸ್. ಬರುತ್ತದೆ. ಭಯವೆಲ್ಲ ನಿಜವೆಂದೇ ಹಿಡಿದು ಅದನ್ನು ಇಮ್ಮಡಿಸಿದರೂ ಅದು 4 ಆದೀತು. ಲಕ್ಷದಲ್ಲಿ ಉಳಿದವರೆಲ್ಲ ಆ ವರ್ಷ ಈ ರೋಗದಿಂದ ದೂರವೇ. ಎರಡರಷ್ಟು ಎಂಬ ಶಬ್ದ ಕಿವಿಗೆ ದೊಡ್ಡದು. ಯಾವುದರ ಎರಡರಷ್ಟು ಎಂದು ಕೇಳುವುದು ವಿವೇಕ.

ಅದೇ ಡೆನ್ಮಾರ್ಕಿನ ಅಧ್ಯಯನದಲ್ಲಿ ನಾವು ಕಡೆಗಣಿಸುವ ಇನ್ನೊಂದು ಸಾಲಿದೆ. ಆ ನೌಕರರಲ್ಲಿ ವಿದ್ಯುತ್ ಅಪಘಾತದ ಮರಣಗಳು ನಿರೀಕ್ಷೆಯ ಹತ್ತು ಪಟ್ಟಿಗೂ ಮೀರಿದ್ದವು. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಅಸುನೀಗಿದ್ದಾರೆ. ಕಾಣದ ರೋಗಕ್ಕೆ ಬೆದರಿ ಕಣ್ಣೆದುರಿನ ಮೃತ್ಯುವನ್ನು ಮರೆಯುವುದು ಎಂಥ ಜಾಣತನ? ಮಾರ್ಗ ಬಂದಾಗಿದೆಯೆಂಬ ಅನುಮತಿ ಕೈಸೇರುವ ಮುನ್ನ ಕಂಬ ಹತ್ತಲಾಗದು. ತಂತಿಯಲ್ಲಿ ವಿದ್ಯುತ್ ಇಲ್ಲವೆಂಬುದನ್ನು ಉಪಕರಣದಿಂದ ಪರೀಕ್ಷಿಸಬೇಕು. ಕೆಲಸದ ಸ್ಥಳದ ಎರಡೂ ಬದಿಗೆ ಭೂಸಂಪರ್ಕ ಕೊಡಬೇಕು. ಕೈಗವಸು, ನಡುಪಟ್ಟಿಗಳನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ಬಲವಾದ ಆಘಾತವು ನರಗಳನ್ನು ನೇರವಾಗಿ ಗಾಯಗೊಳಿಸಬಲ್ಲುದು. ಅದರ ಲಕ್ಷಣ ಕೆಲವೊಮ್ಮೆ ದಿನಗಳು, ತಿಂಗಳುಗಳು ಕಳೆದ ಮೇಲೆ ತೋರುತ್ತದೆ. ಆದುದರಿಂದ ಆಘಾತ ತಗಲಿದವರು ಮುಚ್ಚಿಡದೆ ವೈದ್ಯರಿಗೆ ತೋರಿಸಿ, ದಾಖಲೆ ಮಾಡಿಸುವುದು ಒಳ್ಳೆಯದು. ಹೊಲಿಗೆಯಂತ್ರದ ಮುಂದೆ ಕೂರುವ ತಾಯಂದಿರು ಮೋಟಾರಿನಿಂದ ತುಸು ಅಂತರವಿಟ್ಟರೆ ಖರ್ಚಿಲ್ಲದ ಎಚ್ಚರಿಕೆಯಾಯಿತು.

ಕೈಯ ಬಲ ಕುಗ್ಗಿ ವಸ್ತುಗಳು ಜಾರುವುದು, ಸ್ನಾಯು ಕರಗುವುದು, ಮಾತು ತೊದಲುವುದು, ಇವು ಮುಂದುವರಿದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯ ನರರೋಗ ತಜ್ಞರನ್ನು ಕಾಣಬೇಕು. ಈ ರೋಗ ಬಂದವರನ್ನು ಕಂಡು "ಪೂರ್ವಜನ್ಮದ ಪಾಪ" ಎನ್ನುವ ನಾಲಗೆ ನಮ್ಮದಾಗಬಾರದು. ಅದು ಒಡಲಿನ ಬೇನೆಯೇ ಹೊರತು ಶಿವನ ಶಿಕ್ಷೆಯಲ್ಲ.

ಶರಣರು ಯಾವ ಕಾಯಕವನ್ನೂ ಕೀಳೆನ್ನಲಿಲ್ಲ. ಕಾಯಕವು ನಿಂತಿರುವುದು ಕಾಯದ ಮೇಲೆ. ಇಷ್ಟಲಿಂಗವನ್ನು ಹೊತ್ತ ಕಾಯವನ್ನು ಕಾಪಾಡಿಕೊಳ್ಳುವುದೂ ಕಾಯಕದ ಭಾಗವೇ. ಅಂಬಿಗರ ಚೌಡಯ್ಯನವರು ಹೊಳೆಗೆ ಅಂಜಿ ದೋಣಿಯನ್ನು ದಡಕ್ಕೆಳೆಯಲಿಲ್ಲ. ಹೊಳೆಯ ಸೆಳವನ್ನು ಅರಿಯದೆ ಹುಟ್ಟು ಹಾಕುವ ಅಂಬಿಗನೂ ಇಲ್ಲ.

ಆ ತಾಯಿಗೆ ನನ್ನ ಉತ್ತರವಿಷ್ಟೆ: ಅಮ್ಮಾ, ಮಗನಿಗೆ ಕೆಲಸ ಬಿಡಿಸಬೇಡಿ. ಪ್ರತಿದಿನ ಅವನು ಮನೆ ಬಿಡುವಾಗ ಕೈಗವಸು ಇದೆಯೇ ಎಂದು ಕೇಳಿ. ಹೆಣ್ಣಿನ ಮನೆಯವರಿಗೆ ಈ ಪತ್ರಿಕೆಯನ್ನು ತೋರಿಸಿ. ನಮ್ಮ ಮನೆಯ ದೀಪ ಉರಿಯಲೆಂದು ಮಳೆಯಲ್ಲಿ ಕಂಬ ಹತ್ತುವವನಿಗೆ ಹೆಣ್ಣು ಕೊಡಲು ನಾವು ಹಿಂಜರಿದರೆ, ಆ ದೀಪದ ಬೆಳಕಿನಲ್ಲಿ ಮಾಡುವ ಲಿಂಗಪೂಜೆಗೆ ಅರ್ಥವೇನು?