ಬಿಲ್ ಪಾಸಾಗುವ ಮೊದಲು ಅಳತೆ ಪುಸ್ತಕ ಊರ ಮುಂದಿಡಿ
ಹಕ್ಕೊತ್ತಾಯ ಪತ್ರ

ರಾಯಚೂರು ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಹಾಗೂ ರಾಯಚೂರು ಮಹಾನಗರ ಪಾಲಿಕೆ ಆಯುಕ್ತರಿಗೆ,

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ನಾಗರಿಕರು, ರೈತರು, ಗುಳೆ ಹೋಗಿ ಬರುವ ಕಟ್ಟಡ ಕಾರ್ಮಿಕರು ಸಲ್ಲಿಸುವ ಹಕ್ಕೊತ್ತಾಯ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿದ್ದು 2013ರಲ್ಲಿ. ಅಲ್ಲಿಂದೀಚೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಎಷ್ಟು ಬಂತು ಎಂಬುದು ಪ್ರತಿ ಬಜೆಟ್ಟಿನಲ್ಲೂ ನಮ್ಮ ಕಿವಿಗೆ ಬೀಳುತ್ತದೆ. ನಮ್ಮ ಓಣಿಯ ಚರಂಡಿ, ನಮ್ಮೂರ ಶಾಲಾ ಕೋಣೆ ಎಲ್ಲಿಗೆ ಬಂತು ಎಂದು ಹೇಳುವವರಿಲ್ಲ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕಾರಣಕ್ಕೆ ಮಗುವೊಂದು ತೀರಿಕೊಂಡಿತು. ಪೈಪು ಎಲ್ಲಿ ಹಾದುಹೋಗಿದೆ, ಹಾಕಿದವರು ಯಾರು, ಪರೀಕ್ಷೆ ಮಾಡಿದವರು ಯಾರು ಎಂಬುದು ಸಾವಾದ ಮೇಲೆ ಹುಡುಕುವ ಸಂಗತಿಯಾಗಬಾರದು. ಆದ್ದರಿಂದ ಒತ್ತಾಯಿಸುತ್ತೇವೆ:

1. ಕೆಲಸ ಶುರುವಾಗುವ ದಿನವೇ ಸ್ಥಳದಲ್ಲಿ ಕನ್ನಡ ಫಲಕ ನಿಲ್ಲಬೇಕು. ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ನೋಂದಣಿ ಸಂಖ್ಯೆ, ದರ್ಜೆ, ಮುಗಿಯಬೇಕಾದ ದಿನಾಂಕ, ದೋಷ ಹೊಣೆಗಾರಿಕೆ ಅವಧಿ ಅದರಲ್ಲಿರಲಿ. ಉದ್ಘಾಟನೆಯ ದಿನ ನೆಡುವ, ಶಾಸಕರ ಹೆಸರಷ್ಟೇ ದಪ್ಪಕ್ಷರದಲ್ಲಿರುವ ಕಲ್ಲು ನಮಗೆ ಬೇಡ.

2. ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಬರೆದದ್ದಕ್ಕೇ ಬಿಲ್ ಆಗುತ್ತದೆ. ಆ ಪುಸ್ತಕ ಎಂಜಿನಿಯರರ ಕಪಾಟಿನಲ್ಲಿ ಇರುವವರೆಗೆ ಊರಿಗೆ ಏನೂ ತಿಳಿಯದು. ಪ್ರತಿ ಬಿಲ್ಲಿಗೂ ಮೊದಲು ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿ ಅಥವಾ ವಾರ್ಡ್ ಕಚೇರಿಯ ಗೋಡೆಗೆ ಹಚ್ಚಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ಇದು ಹೊಸ ಬೇಡಿಕೆಯೂ ಅಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಮಾದರಿ ಕೇಳಿದವರನ್ನು ಗುತ್ತಿಗೆದಾರರ ಕಡೆಯವರು ಬೆದರಿಸದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

3. ಗ್ರಾಮೀಣ ಕಾಮಗಾರಿಗಳಿಗೆ 'ಗಾಂಧಿ ಸಾಕ್ಷಿ ಕಾಯಕ' ತಂತ್ರಾಂಶವಿದೆ. ಅದಕ್ಕೆ ಏರಿಸುವ ಚಿತ್ರಗಳಲ್ಲಿ ದಿನಾಂಕ ಮತ್ತು ಜಾಗ ಕಾಣಲಿ. ತಳಪಾಯ, ಸರಳು ಕಟ್ಟಿದ್ದು, ಸ್ಲ್ಯಾಬ್: ಮುಚ್ಚಿಹೋಗುವ ಪ್ರತಿ ಹಂತದ ಚಿತ್ರವೂ ಇರಲಿ.

4. ಗುತ್ತಿಗೆದಾರರ ದರ್ಜೆಗಳು, ಯಾವ ದರ್ಜೆಗೆ ಎಷ್ಟು ಮೊತ್ತದ ಕೆಲಸ, ನೋಂದಣಿ ನವೀಕರಣ, ಕಪ್ಪುಪಟ್ಟಿಗೆ ಸೇರಿಸುವ ಕ್ರಮ, ಇವನ್ನೆಲ್ಲ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪಂಚಾಯಿತಿಗೂ ಕೊಡಿ. ವಿದ್ಯುತ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇರೆಯೇ ಬೇಕೆಂಬುದು ಎಷ್ಟು ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯರಿಗೆ ಗೊತ್ತಿದೆ?

5. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ ನಿಗದಿತ ಮಿತಿಯೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿದೆ. ದೇವದುರ್ಗ, ಮಾನ್ವಿ ಎರಡೂ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿಯೇ ಲೈಸೆನ್ಸ್ ಒಬ್ಬರದು, ಕೆಲಸ ಇನ್ನೊಬ್ಬರದು ಆದರೆ ಮೀಸಲಾತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಹೆಸರು ಬಾಡಿಗೆಗೆ ಪಡೆದವರ ಮೇಲೆ ಮೊದಲು ಕ್ರಮ ಜರುಗಲಿ. ಬಡತನಕ್ಕೆ ಹೆಸರು ಕೊಟ್ಟವರನ್ನಷ್ಟೇ ಶಿಕ್ಷಿಸಿ ಕೈತೊಳೆದುಕೊಳ್ಳಬೇಡಿ.

6. ಟೆಂಡರ್ ತಪ್ಪಿಸಲು ಒಂದೇ ರಸ್ತೆಯನ್ನು ತುಂಡು ಗುತ್ತಿಗೆಯಾಗಿ ಹಂಚುವುದು ನಿಲ್ಲಲಿ.

7. ನಮ್ಮದು ಎರೆ ನೆಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥಲ್ಲಿ ಕಾಂಕ್ರೀಟಿಗೆ ಕನಿಷ್ಠ 10 ದಿನವಾದರೂ ನೀರುಣಿಸದಿದ್ದರೆ ಮಳೆಗಾಲಕ್ಕೇ ಬಿರುಕು ಬಿಡುತ್ತದೆ. ಕ್ಯೂರಿಂಗಿನ ದಿನವಹಿ ಮತ್ತು 28ನೇ ದಿನದ ಕ್ಯೂಬ್ ಪರೀಕ್ಷೆಯ ವರದಿ ಇಲ್ಲದೆ ಅಂತಿಮ ಬಿಲ್ ಬೇಡ.

8. ದೇವದುರ್ಗ, ಮಾನ್ವಿಯ ಜನ ಬೆಂಗಳೂರಿಗೆ ಗುಳೆ ಹೋಗಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಅವರ ಊರಿನ ಕೆಲಸವನ್ನು ಹೊರಗಿನಿಂದ ಬಂದ ಯಂತ್ರ ಮಾಡಿ ಮುಗಿಸುತ್ತದೆ. ಸ್ಥಳೀಯರಿಗೆ ಮೊದಲು ಕೆಲಸ ಕೊಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಬೇಕಾದ 90 ದಿನಗಳ ಕೆಲಸದ ದೃಢೀಕರಣವನ್ನು ಗುತ್ತಿಗೆದಾರರೇ ಬರೆದುಕೊಡಲಿ. ಕಾಮಗಾರಿ ವೆಚ್ಚದ ಶೇ 1ರ ಸೆಸ್ ಸಂದಾಯವಾಗುವುದು ಈ ಕಾರ್ಮಿಕರ ಹೆಸರಿನಲ್ಲಿಯೇ.

9. ತಿಂಗಳಿಗೊಮ್ಮೆ ರಾಯಚೂರು ನಗರ, ದೇವದುರ್ಗ, ಮಾನ್ವಿ ಮೂರೂ ಕಡೆ ಕಾಮಗಾರಿ ಅದಾಲತ್ ನಡೆಯಲಿ. ಎಂಜಿನಿಯರ್, ಗುತ್ತಿಗೆದಾರ ಇಬ್ಬರೂ ಖುದ್ದು ಹಾಜರಿರಲಿ.

ಈ ಒಂಬತ್ತರಲ್ಲಿ ಯಾವುದು ಯಾವ ದಿನಾಂಕದಿಂದ ಜಾರಿಯಾಗುತ್ತದೆ ಎಂಬುದನ್ನು 30 ದಿನಗಳೊಳಗೆ ನಮಗೆ ಲಿಖಿತವಾಗಿ ತಿಳಿಸಬೇಕು.